ಅವ್ವ ತಿನ್ನದೆ ಬಿಟ್ಟ ರೊಟ್ಟಿ

ಕಳೆದ ತಿಂಗಳು ವರದಿಯೊಂದರ ಕೆಲಸದ ಮೇಲೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುತ್ತಿದ್ದೆ. ಬಸ್ಸು ತೆಕ್ಕಲಕೋಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಕಾಲುವೆಯ ಎರಡೂ ಬದಿಯಲ್ಲಿ ಕೊಯ್ಲು ಮುಗಿದ ಗದ್ದೆಗಳು. ಊರು ಇನ್ನೂ ಕಾಣಿಸಿರಲಿಲ್ಲ, ಅಷ್ಟರಲ್ಲೇ ಕಿಟಕಿಯಿಂದ ಬೇಯಿಸಿದ ಭತ್ತದ ವಾಸನೆ ಒಳಗೆ ಬಂತು. ಮಿಲ್ಲುಗಳಲ್ಲಿ ಭತ್ತವನ್ನು ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಬಯಲಿನಲ್ಲಿ ಹರವಿದಾಗ ಏಳುವ ವಾಸನೆ ಅದು. ಅದರಲ್ಲಿ ಒದ್ದೆ ಹುಲ್ಲಿನ ಸಿಹಿ ಇರುತ್ತದೆ, ತುಸು ಹುಳಿ ಇರುತ್ತದೆ, ಹಿಂದೆ ಎಲ್ಲೋ ಹೊಟ್ಟು ಉರಿದ ಹೊಗೆ ಇರುತ್ತದೆ. ಪಕ್ಕದ ಸೀಟಿನವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ನಾನು ಹುಟ್ಟಿ ಹನ್ನೆರಡು ವರ್ಷ ಬೆಳೆದ ಮನೆ ಅಂಥದೊಂದು ಮಿಲ್ಲಿನ ಹಿಂಗೋಡೆಗೆ ಅಂಟಿಕೊಂಡಿತ್ತು. ಆ ವಾಸನೆ ನಮ್ಮ ಬಟ್ಟೆಗೆ, ಶಾಲೆಯ ಪುಸ್ತಕಕ್ಕೆ, ಹಾಸಿಗೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಅವ್ವನ ಸೆರಗಿಗೆ ಹತ್ತಿಕೊಂಡಿತ್ತು. ಅದು ಒಂದು ವಾಸನೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ. ಮನೆಗೆ ತನ್ನದೇ ಒಂದು ವಾಸನೆ ಇತ್ತು ಎಂದು ನಮಗೆ ತಿಳಿಯುವುದು ಆ ಮನೆ ಇಲ್ಲವಾದ ಮೇಲೆಯೇ ಅಲ್ಲವೇ?

ಕೆಲಸ ಬೇಗ ಮುಗಿಯಿತು. ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು, ಹಾಗಾಗಿ ಆ ಓಣಿಗೆ ಹೋದೆ. ಮನೆ ಇಲ್ಲ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ನಮ್ಮ ಮನೆ, ಪಕ್ಕದ ಸುಂಕಮ್ಮನ ಮನೆ ಎರಡೂ ಇದ್ದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ, ಅದರ ಮೇಲೆ ಎರಡು ಅಂತಸ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ನೆಲಕ್ಕೆ ಕಡಪದ ಕಲ್ಲು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಆರುವ ಮೊದಲೇ ಕೆನ್ನೆ ಒತ್ತಿ ಮಲಗುವುದು ನನಗೆ ತಿಳಿದ ದೊಡ್ಡ ಸುಖವಾಗಿತ್ತು. ಎರಡು ಮನೆಗಳ ಹಿತ್ತಿಲಿನ ನಡುವೆ ಎದೆಮಟ್ಟದ ಗೋಡೆ. ಅದರ ಮೇಲೆ ದಿನವೂ ಪುಂಡಿಪಲ್ಯ ಆ ಕಡೆಯಿಂದ ಈ ಕಡೆಗೆ, ಚಟ್ನಿಪುಡಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಬಟ್ಟಲು ಯಾರ ಮನೆಯದು ಎಂಬುದು ಎರಡೂ ಮನೆಯವರಿಗೆ ಮರೆತೇಹೋಗಿತ್ತು.

ನಮ್ಮಪ್ಪ ಮಿಲ್ಲಿನಲ್ಲಿ ಮೆಕ್ಯಾನಿಕ್. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿ ಮುಗಿಯುವ ಹೊತ್ತಿಗೆ ಸರಿಯಾದ ಲೆಕ್ಕವೇ ಇರುತ್ತಿರಲಿಲ್ಲ. ಹಾಗಾಗಿ ನಾನು ಬೆಳೆದದ್ದು ಅಪ್ಪನ ತಾಯಿ ದೀವೆನಮ್ಮನ ಕೈಯಲ್ಲಿ. ನಮ್ಮ ಹಿರಿಯರು ತೆಲುಗು ಸೀಮೆಯ ಕಡೆಯವರು, ಅಜ್ಜಿಯನ್ನು ಅವ್ವ ಎನ್ನುವುದು ರೂಢಿ. ಅವ್ವ ಪ್ರಾಯದಲ್ಲಿದ್ದಾಗ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ರೋಗಿಗಳ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಸಾಯುವವರ ಪಕ್ಕ ಕುಳಿತಿರುವುದು ಅವಳ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೂ ಅದು ಅವಳನ್ನು ಬಿಡಲಿಲ್ಲ. ಓಣಿಯಲ್ಲಿ ಬಾಣಂತಿಯ ಬಟ್ಟೆ ಒಗೆಯಲು ಯಾರೂ ಇಲ್ಲವೆಂದರೆ ಅವ್ವ ಹೋಗುತ್ತಿದ್ದಳು. ಹಾಸಿಗೆ ಹಿಡಿದ ಮುದುಕನ ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು ಹೇಗೆಂದು ಅವನ ಸೊಸೆಯಂದಿರಿಗೆ ತೋರಿಸಿಕೊಡುತ್ತಿದ್ದಳು. ನಾವು ಕ್ರೈಸ್ತರಾದರೂ ಯಾರ ಮನೆಯಲ್ಲೂ ಅವಳು ಯೇಸುವಿನ ಮಾತು ತೆಗೆದದ್ದನ್ನು ನಾನು ಕೇಳಿಲ್ಲ. ಅದಕ್ಕೆ ಬದಲು ಊಟದ ಮೊದಲು ಮಾಡುವ ಪ್ರಾರ್ಥನೆಯಲ್ಲಿ ಅವರನ್ನೆಲ್ಲ ತರುತ್ತಿದ್ದಳು. ಓಣಿಯ ಮೂಲೆಯಿಂದ ಶುರುವಾಗಿ, ಕ್ಷೌರದ ಅಂಗಡಿಯವನು, ಮಿಲ್ಲಿನ ಕಾವಲುಗಾರ ಹುಸೇನಸಾಬ, ಅವನ ಕೆಮ್ಮು, ಸುಂಕಮ್ಮ, ಅವಳ ಮಗಳು, ಗಬ್ಬದ ಎಮ್ಮೆ, ಹೀಗೆ ಮನೆ ಮನೆ ಹತ್ತಿ ಇಳಿಯುತ್ತಿದ್ದಳು. ನಾನು ಒಂದು ಕಣ್ಣು ತೆರೆದು ತಟ್ಟೆ ನೋಡುತ್ತಿದ್ದೆ.

"ಅವ್ವಾ, ಅನ್ನ ಆರಾಕತ್ತೇತಿ."

"ಆರ್ಲಿ ಬಿಡು. ಇನ್ನಾ ಎರಡು ಮನಿ ಉಳದಾವು," ಎನ್ನುತ್ತಿದ್ದಳು ಅವ್ವ, ಕಣ್ಣು ತೆರೆಯದೆಯೇ.

ಗೋಡೆಯಾಚೆ ಸುಂಕಮ್ಮನಿಗೆ ಇದೆಲ್ಲ ಕೇಳುತ್ತಿತ್ತು. ಅವಳು ಗಂಡ ಸತ್ತವಳು. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಮಗಳನ್ನು ಸಾಕಿದ್ದಳು. ಅವ್ವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ಇಬ್ಬರೂ ಓರಗೆಯವರಂತೆ ಕಿತ್ತಾಡುತ್ತಿದ್ದರು. "ಯಕ್ಕಾ, ನಿನ್ನ ಯೇಸಪ್ಪಗ ನನ್ನ ಎಮ್ಮಿ ಸುದ್ದಿ ಆಮ್ಯಾಲ ಹೇಳು, ಮೊದ್ಲ ನಳದಾಗ ನೀರು ಬಿಡಂತ ಹೇಳು" ಎಂದು ಅವಳು ಆ ಕಡೆಯಿಂದ ಕೂಗಿದರೆ, ಅವ್ವ ಆಮೆನ್ ಹೇಳುವ ಮೊದಲೇ ನಕ್ಕುಬಿಡುತ್ತಿದ್ದಳು. ಸುಂಕಮ್ಮನ ಮಗಳು ಹುಲಿಗೆಮ್ಮ ನನ್ನ ಜಡೆ ಹಾಕುತ್ತಿದ್ದವಳು. ನನ್ನ ಹೆಸರು ಸಲೋಮಿ. ತಾಯಿ ಮಗಳ ಬಾಯಲ್ಲಿ ಅದು ಸಾಲಮ್ಮಿ ಆಗಿತ್ತು.

ಹುಲಿಗೆಮ್ಮನಿಗೆ ಹದಿನೈದರ ಹೊತ್ತಿಗೆ ಮೂರ್ಛೆ ಬರಲು ಶುರುವಾಯಿತು. ಮೊದಲ ಸಲ ಬಂದಾಗ ಗೋಡೆ ಹತ್ತಿ ಇಳಿದು ಹೋದವಳು ಅವ್ವ. ಕೈಗೆ ಕಬ್ಬಿಣ ಕೊಡಲು ಬಂದವರನ್ನು ದೂರ ಸರಿಸಿ, ಹುಡುಗಿಯನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ತನ್ನ ಸೆರಗು ಮಡಚಿ ಇಟ್ಟಳು. ಆಮೇಲೆ ತಾಯಿ ಮಗಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಗುಳಿಗೆ ಶುರುವಾದವು. ಮೂರ್ಛೆ ಒಂದು ವರ್ಷ ಹೆಚ್ಚು ಕಡಿಮೆ ಆಗುತ್ತಿತ್ತು, ಆಮೇಲೆ ನಿಂತುಹೋಯಿತು. ಗುಳಿಗೆಯ ವಿಷಯ ಆ ಮನೆ ಬಿಟ್ಟರೆ ನಮ್ಮ ಮನೆಗೆ ಮಾತ್ರ ಗೊತ್ತಿತ್ತು. ಮೂರ್ಛೆ ನಿಂತು ಎರಡು ವರ್ಷವಾದ ಮೇಲೆ ದೇಶನೂರಿನಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರಿಗೆ ಕಾಲುವೆಯ ಕೆಳಗೆ ಗದ್ದೆ ಇತ್ತು. ಹುಡುಗಿಯನ್ನು ನೋಡಿ ಒಪ್ಪಿದರು. ಸುಂಕಮ್ಮ ಆ ವಾರವೆಲ್ಲ ಹಾಲಿಗೆ ನೀರು ಬೆರೆಸುವುದನ್ನೂ ಮರೆತಿದ್ದಳು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ನಮ್ಮ ಕಡೆ ಸಂಬಂಧ ಕೂಡುವ ಮೊದಲು ಹುಡುಗಿಯ ನೆರೆಮನೆಯಲ್ಲಿ ವಿಚಾರಿಸುವ ಪದ್ಧತಿ ಇದೆ. ನೆರೆಯವರು ಒಂದೆರಡು ಒಳ್ಳೆಯ ಮಾತು ಹೇಳಿ, ನೀರು ಕೊಟ್ಟು ಕಳಿಸುತ್ತಾರೆ. ಅದು ವಿಚಾರಣೆಗಿಂತ ಶಾಸ್ತ್ರವೇ ಹೆಚ್ಚು. ಹುಡುಗನ ದೊಡ್ಡಮ್ಮ ಒಬ್ಬಳೇ ನಮ್ಮ ಮನೆಗೆ ಬಂದಳು. ನಾನು ಆಗ ನಾಲ್ಕನೆಯ ತರಗತಿ. ಮೊರದಲ್ಲಿ ಅಕ್ಕಿ ಹರವಿಕೊಂಡು ಅವ್ವನೊಂದಿಗೆ ಕಲ್ಲು ಆರಿಸುತ್ತಿದ್ದೆ. ನಡೆದದ್ದು ಪೂರ್ತಿ ನನ್ನ ಕಣ್ಣೆದುರೇ ನಡೆಯಿತು.

"ಓಣ್ಯಾಗ ಎಲ್ರೂ ಹೇಳಿದ್ರು, ಈ ಕ್ರಿಸ್ತರ ಅಮ್ಮ ಸುಳ್ಳು ಹೇಳಂಗಿಲ್ಲ ಅಂತ," ಎಂದಳು ಆ ಹೆಂಗಸು. "ಅದಕ್ಕ ನಿಮ್ಮನ್ನ ಕೇಳಾಕ ಬಂದೀನಿ. ಹುಡುಗಿಗೆ ಏನರ ಜಡ್ಡು ಐತೇನ್ರಿ?"

ಅವ್ವ ಮೊರದ ಮೇಲಿನ ಕೈ ತೆಗೆಯಲಿಲ್ಲ. ಒಂದು ಅಕ್ಕಿಕಾಳನ್ನು ಬೆರಳಲ್ಲಿ ಸುಮ್ಮನೆ ಉರುಳಿಸುತ್ತಿದ್ದಳು. "ಮೊದ್ಲ ಮೂರ್ಛಿ ಬರ್ತಿತ್ರಿ," ಎಂದಳು. "ಈಗಿಲ್ಲ. ಗುಳಿಗಿ ತಗೊಂತಾಳ. ಹುಡುಗಿ ಭಾಳ ಚೊಲೋ ಹುಡುಗಿ ಐತ್ರಿ."

ಕೊನೆಯ ಮಾತನ್ನು ಆ ಹೆಂಗಸು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ನೀರು ಕುಡಿಯದೆ ಎದ್ದಳು. ಎರಡು ದಿನಕ್ಕೆ ದೇಶನೂರಿನವರು ಬೇಡವೆಂದು ಹೇಳಿ ಕಳಿಸಿದರು. ಕಾರಣವನ್ನೂ, ಅದನ್ನು ಹೇಳಿದವರು ಯಾರೆಂಬುದನ್ನೂ ಹೇಳಿ ಕಳಿಸಿದರು.

ಸುಂಕಮ್ಮ ಗೋಡೆಯ ಹತ್ತಿರ ಬಂದು ನಿಂತ ಆ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಅವಳು ಚೀರಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತೀರ ಮೆಲ್ಲಗೆ ಮಾತಾಡಿದಳು. "ನಿನಗ ಸುಳ್ಳು ಹೇಳಂತ ಯಾರು ಹೇಳಿದ್ರಕ್ಕ? 'ನನಗ್ಯಾಕ ಕೇಳ್ತೀರಿ, ಹುಡುಗಿ ತಾಯಿನ್ನ ಕೇಳ್ರಿ' ಅಂದಿದ್ರ ನಿನ್ನ ದೇವರು ಬ್ಯಾಡ ಅಂತಿದ್ನೇನು? ನನ್ನ ಕೂಸಿನ ಮಾತು ನಾ ಹೇಳ್ತಿದ್ದೆ. ಲಗ್ನದ ಮೊದ್ಲ ಹೇಳ್ತಿದ್ದೆ, ಕೈ ಮುಗದು ಹೇಳ್ತಿದ್ದೆ. ಅದನ್ನ ಹೇಳಾಕ ನೀ ಯಾರು?" ಮರುದಿನ ಗೋಡೆಯ ಮೇಲೆ ತಗಡುಗಳು ಎದ್ದವು. ಪುಂಡಿಪಲ್ಯ ನಿಂತಿತು. ನನ್ನ ಜಡೆಯನ್ನು ಅಮ್ಮ ಅವಸರದಲ್ಲಿ ಹಾಕತೊಡಗಿದಳು.

ಮೊದಲ ಕೆಲವು ದಿನ ಅವ್ವ ತನ್ನನ್ನು ಸಮರ್ಥಿಸಿಕೊಂಡಳು. ಕೇಳಿದಾಗ ಸತ್ಯ ಹೇಳದೆ ಇನ್ನೇನು ಮಾಡಬೇಕಿತ್ತು ಎಂದು ಅಪ್ಪನ ಜೊತೆ ವಾದಿಸಿದಳು. ಆಮೇಲೆ ವಾದ ನಿಂತಿತು. ಊಟದ ಪ್ರಾರ್ಥನೆ ಓಣಿಯ ಮೂಲೆಯಿಂದ ಶುರುವಾಗುವುದು ಹೋಗಿ ಸುಂಕಮ್ಮನ ಮನೆಯಿಂದ ಶುರುವಾಗತೊಡಗಿತು, ಕೆಲವು ದಿನ ಅಲ್ಲೇ ಮುಗಿಯುತ್ತಿತ್ತು.

ಇಲ್ಲಿ ನಮ್ಮ ಸಭೆಯ ಒಂದು ರೂಢಿಯನ್ನು ಹೇಳಬೇಕು. ಸಿರುಗುಪ್ಪದಲ್ಲಿ ನಮ್ಮದು ಇಪ್ಪತ್ತು ಮನೆಗಳ ಸಣ್ಣ ಚರ್ಚು. ತಿಂಗಳಿಗೊಂದು ಭಾನುವಾರ ಬಳ್ಳಾರಿಯಿಂದ ಪಾದ್ರಿ ಬಂದು ಕರ್ತನ ಭೋಜನ ಕೊಡುತ್ತಿದ್ದರು. ಅವರನ್ನು ನಾವು ಅಯ್ಯಗಾರು ಎನ್ನುತ್ತಿದ್ದೆವು, ಆ ಭೋಜನವನ್ನು ಸಂಸ್ಕಾರ ಎನ್ನುತ್ತಿದ್ದೆವು. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ, ಅಷ್ಟೇ. ಆದರೆ ನಮ್ಮ ಮನಸ್ಸಿಗೆ ಅದಕ್ಕಿಂತ ದೊಡ್ಡ ಊಟವಿರಲಿಲ್ಲ. ಹಿಂದಿನ ದಿನ, ಶನಿವಾರ, ಯಾರ ಮನಸ್ಸಿನಲ್ಲಿ ನಮ್ಮ ಮೇಲೆ ನೋವಿದೆಯೋ ಅವರ ಮನೆಗೆ ಹೋಗಿ ರಾಜಿಯಾಗಿ ಬರಬೇಕು. ಆಗದಿದ್ದರೆ ಭಾನುವಾರ ಮುಂದೆ ಹೋಗಬಾರದು. ಆ ಶನಿವಾರಗಳಲ್ಲಿ ನಮ್ಮವರ ಓಡಾಟ ನೋಡುವಂತಿರುತ್ತಿತ್ತು. ಇಬ್ಬರು ಅಣ್ಣತಮ್ಮಂದಿರು ಒಬ್ಬರ ಮನೆಗೆ ಒಬ್ಬರು ಒಂದೇ ಹೊತ್ತಿಗೆ ಹೊರಟು, ದಾರಿಯಲ್ಲಿ ಭೇಟಿಯಾಗಿ, ಮಿರ್ಚಿ ಬಜ್ಜಿ ತಿಂದು ರಾಜಿಯಾಗಿ ಬಂದದ್ದೂ ಉಂಟು. ಸಂಸ್ಕಾರದ ರೊಟ್ಟಿ ಸುಡುವ ಕೆಲಸ ಅವ್ವನದು. ಗೋಧಿಹಿಟ್ಟನ್ನು ನೀರಿನಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ, ಕಪ್ಪು ಚುಕ್ಕೆ ಬೀಳದಂತೆ ಸುಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದಳು.

ತಗಡು ಎದ್ದ ತಿಂಗಳು ಅವ್ವ ಎಂದಿನಂತೆ ರೊಟ್ಟಿ ಸುಟ್ಟಳು. ಭಾನುವಾರ ಎಲ್ಲರೂ ಎದ್ದು ಮುಂದೆ ಹೋದಾಗ ಅವಳು ಚಾಪೆಯ ಮೇಲೆ ಕೂತೇ ಇದ್ದಳು. ನಾನು ಸೆರಗು ಜಗ್ಗಿದೆ. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಆರಾಧನೆ ಮುಗಿದ ಮೇಲೆ ಅಯ್ಯಗಾರು ನಮ್ಮ ಬಳಿ ಬಂದರು.

"ಖರೆ ಹೇಳೀರಲ್ಲ ದೀವೆನಮ್ಮ, ಅದ್ರಾಗ ತಪ್ಪೇನೈತಿ?" ಎಂದು ಕೇಳಿದರು ಅವರು.

ಸಭೆಯ ಹಿರಿಯರೊಬ್ಬರು ಪಕ್ಕದಲ್ಲೇ ಇದ್ದರು. "ಅದೂ ಅಲ್ದ ಆಕಿ ನಮ್ಮ ಸಭಿಯಾಕಿ ಅಲ್ಲ. ಹೊರಗಿನೋರ ಜೋಡಿ ಆದ ಜಗಳ ಇದಕ್ಕ ಬರಂಗಿಲ್ಲ," ಎಂದರು.

"ಯಾರು ಹೊರಗಿನೋರು?" ಎಂದಳು ಅವ್ವ. "ನನ್ನ ಗೋಡಿಗೆ ಗೋಡಿ ಹಚ್ಚಿ ಇರಾಕಿ ಹೊರಗಿನಾಕಿ ಹೆಂಗಾಗ್ತಾಳ್ರಿ?" ಆಮೇಲೆ ಅಯ್ಯಗಾರ ಕಡೆ ತಿರುಗಿ ಹೇಳಿದಳು: "ನಾ ಖರೆ ಹೇಳಿದ್ದು ಖರೆ. ಆದ್ರ ಯಾಕ ಹೇಳಿದ್ನಿ ಅಂತ ನನ್ನನ್ನ ನಾ ಕೇಳ್ಕೊಂಡೀನಿ. ಸುಳ್ಳು ಹೇಳದಾಕಿ ಅಂತ ಆ ಹೆಣ್ಮಗಳು ಹೊಗಳಿದ್ಲಲ್ಲ, ಆ ಹೆಸರು ಉಳಿಸ್ಕೊಳ್ಳಾಕ ಹೇಳಿದ್ನಿ. ಹುಲಿಗಿ ಮ್ಯಾಲಿನ ಪ್ರೀತಿಲೆ ಹೇಳಿಲ್ಲ. ಪ್ರೀತಿ ಇದ್ದಿದ್ರ ಬ್ಯಾರೆ ಮಾತು ಸಿಗ್ತಿತ್ತು."

ಇಷ್ಟು ವರ್ಷ ಸುದ್ದಿಮನೆಯಲ್ಲಿ ಕೆಲಸ ಮಾಡಿದ ಮೇಲೂ ಈ ಮಾತಿಗೆ ಎದುರು ಹೇಳಲು ನನಗೆ ಏನೂ ಸಿಕ್ಕಿಲ್ಲ.

ಅಲ್ಲಿಂದ ಮುಂದೆ ಎರಡು ವರ್ಷ, ಪ್ರತಿ ತಿಂಗಳು ಆ ಶನಿವಾರ, ಅವ್ವ ಸುಂಕಮ್ಮನ ಬಾಗಿಲಿಗೆ ಹೋಗುತ್ತಿದ್ದಳು. ಕೈಯಲ್ಲಿ ಏನನ್ನೂ ಒಯ್ಯುತ್ತಿರಲಿಲ್ಲ. ಒಯ್ದರೆ ಕೊಂಡಂತಾಗುತ್ತದೆ ಎನ್ನುತ್ತಿದ್ದಳು. ನಾನು ಒಂದೆರಡು ಸಲ ಜೊತೆಗಿದ್ದೆ. ಸುಂಕಮ್ಮ ಎಮ್ಮೆಗೆ ಹಿಂಡಿ ಕಲಸುತ್ತ, ತಲೆ ಎತ್ತದೆ, "ಬಂದ್ಯಾ? ಇವತ್ತ ಯಾರ ಮನಿ ಖರೆ ಹೊತಗೊಂಡ ಬಂದಿ?" ಎನ್ನುತ್ತಿದ್ದಳು. ಅವ್ವ, "ತಪ್ಪಾತು ಸುಂಕಿ" ಎನ್ನುತ್ತಿದ್ದಳು. ಸುಂಕಮ್ಮ ಎಮ್ಮೆಗೆ, "ಕೇಳಿದ್ಯಾ? ತಪ್ಪಾತಂತ. ನೀ ಏನಂತಿ?" ಎನ್ನುತ್ತಿದ್ದಳು. ಎಮ್ಮೆ ಏನೂ ಅನ್ನುತ್ತಿರಲಿಲ್ಲ. ಅವ್ವ ಸ್ವಲ್ಪ ನಿಂತು ಮನೆಗೆ ಬಂದು, ಕೈ ತೊಳೆದು, ಮರುದಿನದ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಳು. ಇದು ಯಾವುದಕ್ಕಾಗಿ ಎಂದು ಸುಂಕಮ್ಮನಿಗೆ ಗೊತ್ತಿರಲಿಲ್ಲ. ಅವಳು ಕ್ಷಮಿಸುವವರೆಗೆ ಅವ್ವ ಸಂಸ್ಕಾರ ಮುಟ್ಟುವುದಿಲ್ಲ ಎಂಬ ವಿಷಯ ಅವಳ ಕಿವಿಗೆ ಬೀಳಕೂಡದೆಂದು ನಮಗೆಲ್ಲ ಕಟ್ಟಪ್ಪಣೆಯಾಗಿತ್ತು. "ಗೊತ್ತಾದ್ರ ಆಕಿ ನನ್ನ ಮ್ಯಾಲಿನ ಕನಿಕರಕ್ಕ ಹೂಂ ಅಂತಾಳ. ಆಕಿ ನೋವಿನ ಮ್ಯಾಲ ನಾ ಇನ್ನೊಂದು ಕಲ್ಲು ಇಟ್ಟಂಗಾಗ್ತೈತಿ" ಎಂದಿದ್ದಳು.

ಎರಡು ವರ್ಷದ ಮೇಲೆ ಕುರುಗೋಡಿನಿಂದ ಇನ್ನೊಂದು ಸಂಬಂಧ ಬಂತು. ಹುಡುಗನ ಅಕ್ಕ ಮತ್ತು ಸೋದರಮಾವ ವಿಚಾರಿಸಲು ಬಂದರು, ನೇರವಾಗಿ ನಮ್ಮ ಮನೆಗೇ ಬಂದರು. ಅವ್ವನ ಸತ್ಯದ ಕೀರ್ತಿ ಅಷ್ಟರಲ್ಲಿ ತಾಲ್ಲೂಕು ದಾಟಿತ್ತು. ತಗಡಿನ ಆಚೆ ಸುಂಕಮ್ಮ ಪಾತ್ರೆ ತಿಕ್ಕುತ್ತಿದ್ದ ಸದ್ದು ಬರುತ್ತಿತ್ತು. ಹುಡುಗನ ಅಕ್ಕ ಕೇಳಿದ ಪ್ರಶ್ನೆ ಅದೇ. ಆಚೆ ಪಾತ್ರೆಯ ಸದ್ದು ನಿಂತಿತು.

ಅವ್ವನ ಮುಖ ಕೆಂಪಾಯಿತು, ಆಮೇಲೆ ಬೆವರಿತು. "ಏನಿಲ್ರಿ," ಎಂದಳು. "ಆ ಹುಡುಗಿಗೆ ಏನೂ ಇಲ್ರಿ. ಹುಟ್ಟಿದಾಗಿಂದ ನೋಡೀನಿ, ಒಂದ ನೆಗಡಿ ಸೈತ ಬಂದಿಲ್ರಿ."

ಆಚೆ ಒಂದು ಕೊಡ ಉರುಳಿದ ಸದ್ದು ಕೇಳಿತು. ಒಂದು ನಿಮಿಷದಲ್ಲಿ ಸುಂಕಮ್ಮ ನಮ್ಮ ಮುಂಬಾಗಿಲಲ್ಲಿದ್ದಳು, ಮೊಣಕೈವರೆಗೆ ಬೂದಿ. "ನಂಬಬ್ಯಾಡ್ರಿ," ಎಂದಳು ಬಂದವರಿಗೆ. "ಈ ಮುದುಕಿ ಸುಳ್ಳು ಹೇಳಾಕತ್ತೇತಿ. ಹುಟ್ಟಿ ಮೊದಲ್ನೇ ಸಲ ಹೇಳಾಕತ್ತೇತಿ, ಮಕ ನೋಡ್ರಿ ಹೆಂಗಾಗೇತಿ. ನನ್ನ ಮಗಳಿಗೆ ಮೂರ್ಛಿ ಬರ್ತಿತ್ತು. ಗುಳಿಗಿ ನುಂಗ್ತಾಳ, ನಾಕು ವರ್ಷಾತು ಬಂದಿಲ್ಲ. ಒಪ್ಪಿದ್ರ ನಮ್ಮ ಮನಿಗೆ ಬರ್ರಿ, ಚಾ ಕುಡೀರಿ. ಒಪ್ಪದಿದ್ರೂ ಬರ್ರಿ, ಚಾ ಕುಡದ ಹೋಗ್ರಿ."

ಅವರು ಹೋಗಿ ಚಹಾ ಕುಡಿದರು. ಹೇಳಿ ಕಳಿಸುತ್ತೇವೆ ಎಂದರು, ಹೇಳಿ ಕಳಿಸಲಿಲ್ಲ. ಹುಲಿಗೆಮ್ಮ ಅತ್ತಳೋ ಇಲ್ಲವೋ ನನಗೆ ತಿಳಿಯದು. ಅವಳು ಆ ವರ್ಷವೇ ಹೊಲಿಗೆ ಕಲಿತು, ಆಮೇಲೆ ಬಳ್ಳಾರಿಗೆ ಹೋಗಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಸೇರಿದಳು. ಅಲ್ಲಿಯೇ ಕೊಳಗಲ್ಲಿನ ಒಬ್ಬನಿಗೆ ತನ್ನ ಗುಳಿಗೆಯ ಡಬ್ಬಿಯನ್ನು ತಾನೇ ತೋರಿಸಿ ಮದುವೆಯಾದಳು. ಸುಂಕಮ್ಮ ಕಡೆಯ ದಿನಗಳನ್ನು ಮಗಳ ಮನೆಯಲ್ಲೇ ಕಳೆದಳು. ಅವಳೂ ಈಗಿಲ್ಲ. ಆದರೆ ಕುರುಗೋಡಿನವರು ಹೋದ ಆ ದಿನ ಅವಳು ಮತ್ತೆ ನಮ್ಮ ಮನೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಅವ್ವನ ಮುಂದೆ ನಿಂತಳು. "ಸುಳ್ಳು ಹೇಳಾಕ ಬರಂಗಿಲ್ಲಂದ್ರ ಯಾಕ ಹೇಳ್ತಿ? ಒಂದ ನೆಗಡಿ ಸೈತ ಬಂದಿಲ್ಲಂತ! ನೆಗಡಿ ಬರದ ಮನಷ್ಯಾರು ಭೂಮಿ ಮ್ಯಾಲ ಅದಾರೇನಕ್ಕ?" ಎಂದಳು. ಅವ್ವ ನಗಲು ಹೋಗಿ ಅತ್ತಳು. ಸುಂಕಮ್ಮ ಬೈಯುತ್ತ ಬೈಯುತ್ತ ತಾನೂ ಅತ್ತಳು. ಬಟ್ಟಲುಗಳು ಮತ್ತೆ ಓಡಾಡತೊಡಗಿದವು, ಈಗ ಮುಂಬಾಗಿಲಿನಿಂದ.

ಆದರೂ ಮುಂದಿನ ಸಂಸ್ಕಾರದಲ್ಲಿ ಅವ್ವ ಎದ್ದು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ನನಗೆ ಅರ್ಥವಾಗದೆ ಮನೆಗೆ ಬಂದು ಕೇಳಿದೆ. "ಹೇಳಿದ ಸುಳ್ಳನ್ನ ದೇವರ ಮುಂದ ಒಪ್ಗೊಂಡೀನಿ, ಅದು ಮುಗೀತು," ಎಂದಳು. "ಇದು ಬ್ಯಾರೆ. ಸುಂಕಿ ಮಾತಾಡ್ಸಾಕತ್ತಾಳ, ಖರೆ. ಆದ್ರ ಮೊದ್ಲಿನ ನೋವು ಹೋಗೇತಿ ಅಂತ ಆಕಿ ಹೇಳಿಲ್ಲ. ಈಗ ನಾ ಕೇಳಿದ್ರ, ನಿನ್ನ ಸಲುವಾಗಿ ಸುಳ್ಳು ಹೇಳೀನಿ, ಅದಕ್ಕ ಬದಲು ಕೊಡು ಅಂತ ಕೇಳಿದಂಗಾಗ್ತೈತಿ. ಕೇಳಬಾರ್ದು. ನೀನೂ ಹೇಳಬಾರ್ದು ಮತ್ತ, ಆಣಿ." ಆಣೆ ಇಡಬಾರದೆಂದು ನನಗೆ ಕಲಿಸಿದವಳೂ ಅವಳೇ.

ನಾನು ಏಳನೆಯ ತರಗತಿಗೆ ಬಂದ ವರ್ಷ ಅವ್ವನ ಹೊಟ್ಟೆ ಊದಿಕೊಂಡಿತು. ಬಳ್ಳಾರಿಯ ಡಾಕ್ಟರು ನೋಡಿ, ಅಪ್ಪನನ್ನು ಬದಿಗೆ ಕರೆದು, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಅವ್ವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಮ್ಮ ಪಾಳಿಗೆ ಹೋದಾಗ ಸುಂಕಮ್ಮ ಬಂದು ಅವಳ ಮೈ ಒರೆಸುತ್ತಿದ್ದಳು. ಒಂದು ಕೈಯಿಂದ ಭುಜ ಹಿಡಿದು, ಇನ್ನೊಂದರಿಂದ ಸೊಂಟ ತಳ್ಳಿ, ಓಣಿಯ ಜನಕ್ಕೆ ಅವ್ವನೇ ಕಲಿಸಿದ ರೀತಿಯಲ್ಲಿ ಹೊರಳಿಸುತ್ತಿದ್ದಳು. ಅವ್ವ ಕಣ್ಣುಮುಚ್ಚಿಕೊಂಡೇ ತಪ್ಪು ತಿದ್ದುತ್ತಿದ್ದಳು. "ಸುಮ್ನ ಮಕ್ಕೋ. ಸಾಯೂ ಹೊತ್ತಿನ್ಯಾಗೂ ಮಾಸ್ತರಿಕಿ," ಎನ್ನುತ್ತಿದ್ದಳು ಸುಂಕಮ್ಮ.

ಆಮೇಲೆ ಅವ್ವ ಊಟ ಬಿಟ್ಟಳು. ಅಯ್ಯಗಾರಿಗೆ ಸುದ್ದಿ ಹೋಯಿತು. ಕಾಯಿಲೆಯವರ ಮನೆಗೇ ಬಂದು ಸಂಸ್ಕಾರ ಕೊಡುವುದು ನಮ್ಮಲ್ಲಿ ಉಂಟು. ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ ಕಳಿಸಿದರು. ಅವರು ಬಂದರೂ ಅವ್ವ ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನಿಗೂ ಅಮ್ಮನಿಗೂ ಗೊತ್ತಿತ್ತು, ಆದರೆ ಅವರು ಅವಳ ಮಾತು ಮೀರುವವರಲ್ಲ. ಶನಿವಾರ ಬೆಳಗ್ಗೆ ಅಮ್ಮ ಆಸ್ಪತ್ರೆಯಲ್ಲಿದ್ದಳು, ಅಪ್ಪ ಅಯ್ಯಗಾರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ನಾನು ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. ಆ ರೊಟ್ಟಿ ಸುಡಲು ಅವ್ವನ ಹೊರತು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಳಗೆ ಬಂದ ಸುಂಕಮ್ಮ, "ಸರಿ ಆ ಕಡಿ, ನಾ ಮಾಡ್ತೀನಿ" ಎಂದು ಹಿಟ್ಟು ಕಲಸಿ, ಲಟ್ಟಿಸಿ, ಹಂಚಿಗೆ ಹಾಕಿದಳು. ಆಗ ನಾನು ಹೇಳಿಬಿಟ್ಟೆ. ಅವ್ವ ಮೂರು ವರ್ಷದಿಂದ ಇದನ್ನು ತಿಂದಿಲ್ಲ ಎಂದೆ. ಯಾಕೆ ತಿಂದಿಲ್ಲ ಎಂದೂ ಹೇಳಿದೆ. ಶನಿವಾರಗಳಂದು ಅವಳ ಬಾಗಿಲಿಗೆ ಯಾಕೆ ಬರುತ್ತಿದ್ದಳು, ಈಗ ಯಾಕೆ ಕೇಳುವುದಿಲ್ಲ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ.

ಸುಂಕಮ್ಮ ಲಟ್ಟಣಿಗೆ ಹಿಡಿದವಳು ಹಿಡಿದಂತೆಯೇ ಕೂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು.

"ನನ್ನ ಸಲುವಾಗೇನು?" ಎಂದಳು. "ನನಗ್ಯಾಕ ಹೇಳಲಿಲ್ಲ ಆಕಿ? ನಾ ಎಮ್ಮಿ ಜೋಡಿ ಮಾತಾಡಿ ನಕ್ಕೊಂತ ಕುಂತಿದ್ನೆಲ್ಲವ್ವ ಸಾಲಮ್ಮಿ."

ಹೊತ್ತಿದ ರೊಟ್ಟಿಯನ್ನೂ ಉಳಿದ ಹಿಟ್ಟನ್ನೂ ತೆಗೆದು ಎಮ್ಮೆಯ ಬಾನಿಗೆಂದು ಬದಿಗಿಟ್ಟಳು. ಹೊಸ ಹಿಟ್ಟು ತೆಗೆದಳು. ಕೈ ಗೂಡಿನ ಕಡೆ ಹೋಗಿ ಒಂದು ಚಿಟಿಕೆ ಉಪ್ಪು ತೆಗೆದು ಹಾಕಿತು.

"ಅತ್ತೀ, ಇದಕ್ಕ ಉಪ್ಪು ಹಾಕಂಗಿಲ್ಲ," ಎಂದೆ.

"ಮೂರು ವರ್ಷ ಉಪಾಸ ಇದ್ದಾಕಿಗೆ ಸಪ್ಪನ ರೊಟ್ಟಿ ಕೊಡ್ಲೇನು?" ಎಂದಳು ಸುಂಕಮ್ಮ. ಕಣ್ಣು ಒರೆಸಿಕೊಂಡು ಇನ್ನೊಂದು ಚಿಟಿಕೆ ಹಾಕಿದಳು.

ಅಯ್ಯಗಾರು ಬಂದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ರೊಟ್ಟಿಯ ತಟ್ಟೆ, ಸಣ್ಣ ಬಟ್ಟಲು ಇಟ್ಟರು. ಅಮ್ಮ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಸುಂಕಮ್ಮ ಹೊಸ್ತಿಲ ಹತ್ತಿರ ಮೊಣಕಾಲು ಮಡಚಿ ಕೂತಳು. ಪ್ರಾರ್ಥನೆಯಾಯಿತು. ಅಯ್ಯಗಾರು ರೊಟ್ಟಿ ಮುರಿದು, ಕಾಳಿನಷ್ಟು ಚೂರನ್ನು ಅವ್ವನ ತುಟಿಯ ಹತ್ತಿರ ಹಿಡಿದರು. ಅವ್ವ ತುಟಿ ಬಿಗಿದಳು. ತಲೆ ಅಲ್ಲಾಡಿಸಲು ಶಕ್ತಿಯಿರಲಿಲ್ಲ, ಕಣ್ಣಿನಿಂದಲೇ ಬೇಡ ಎಂದಳು. ಅಯ್ಯಗಾರ ಕೈ ಹಾಗೆಯೇ ನಿಂತಿತು.

ಸುಂಕಮ್ಮ ಎದ್ದು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಅವ್ವನ ಕೈಯನ್ನು ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ಏನಿಲ್ಲಕ್ಕ," ಎಂದಳು. "ಇಲ್ಲಿ ನಿನ್ನ ಮ್ಯಾಲ ಏನೂ ಇಲ್ಲ. ಹೋಗಿ ಭಾಳ ದಿನಾತು. ನನಗ ಹೇಳಾಕ ಗೊತ್ತಾಗಲಿಲ್ಲ. ತಿನ್ನು."

ಅವ್ವ ಅವಳನ್ನು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಮತ್ತೆ ತಲೆ ಎತ್ತಿದಾಗ ಅವಳ ಬಾಯಿ ತೆರೆದಿತ್ತು.

ಒಣಗಿದ ಬಾಯಲ್ಲಿ ಆ ಚೂರನ್ನು ನೆನೆಸಿಕೊಳ್ಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಅವಳ ಹುಬ್ಬು ಸ್ವಲ್ಪ ಏರಿತು. "ಉಪ್ಪು ಹಾಕೀ ಏನಲೇ?" ಎಂದಳು ಗಾಳಿಯಂಥ ದನಿಯಲ್ಲಿ.

"ಹೂಂ, ಹಾಕೀನಿ. ಸುಮ್ನ ತಿನ್ನು," ಎಂದಳು ಸುಂಕಮ್ಮ.

ಅಯ್ಯಗಾರೂ ತಮ್ಮ ಪಾಲಿನ ಚೂರನ್ನು ಬಾಯಿಗಿಟ್ಟುಕೊಂಡರು. ಅವರಿಗೂ ತಿಳಿದಿರಬೇಕು. ಬಟ್ಟಲು ಹಿಡಿದುಕೊಂಡು ಕಾದರು. ಅವ್ವ ನುಂಗಿದಳು.

ಮಂಗಳವಾರ ಬೆಳಗ್ಗೆ ಅವ್ವ ಹೋದಳು. ನಡುವಿನ ಆ ದಿನಗಳಲ್ಲಿ ಅವಳು ಬೇರೆ ಏನನ್ನೂ ತಿನ್ನಲಿಲ್ಲ.